ಆಕ್ಸಿಡೆಂಟ್ ಆಗಿ ರಿಪೇರಿ ಆದ ಗಾಡಿ: ಬಾಡಿ ಬಗ್ಗೆ ಇನ್ನೂ ತಲೆ ಕೆಡಿಸ್ಕೋಬೇಕಾ?

ಕಾಫಿಹೂವು 18, ಚಿಕ್ಕಮಗಳೂರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ ಹೇಳಿ, ಎರಡು ವಾರದಿಂದ ಇದೇ ಯೋಚನೆ.

ಅಪ್ಪಂಗೆ ರಿಟೈರ್ಮೆಂಟ್ ದುಡ್ಡು ಬಂದಾಗ ತಗೊಂಡ ಗಾಡಿ, ಸಿಲ್ವರ್ ಕಲರ್ ಹ್ಯಾಚ್‌ಬ್ಯಾಕ್, 14 ತಿಂಗಳಾಗಿತ್ತು ಅಷ್ಟೆ. ಮೇ ಕೊನೇಲಿ ನೆಂಟರನ್ನ ಕರ್ಕೊಂಡು ಮುಳ್ಳಯ್ಯನಗಿರಿ ಕಡೆ ಹೊರಟಿದ್ವಿ, ಕೈಮರ ಚೆಕ್‌ಪೋಸ್ಟ್ ದಾಟಿ ಸ್ವಲ್ಪ ಮೇಲೆ ಒಂದು ತಿರುವಲ್ಲಿ ಎದುರಿಂದ ಬಂದ ಜೀಪು ಜಾರಿ ನಮ್ಮ ಬಲಗಡೆಗೆ ಗುದ್ದಿ ಉಜ್ಕೊಂಡು ಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ, ದೇವ್ರು ದೊಡ್ಡೋನು. ಬಲಗಡೆ ಹಿಂದಿನ ಡೋರ್ ಒಳಗೆ ಹೋಗಿತ್ತು, ಅದ್ರ ಹಿಂದೆ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನಲ್ ಕೂಡ ಅಂಗೈ ಅಗಲ ತಗ್ಗಾಗಿತ್ತು. ಡೋರ್ ಹೊಸದು ಹಾಕಿದಾರೆ, ಕ್ವಾರ್ಟರ್ ಪ್ಯಾನಲ್ ಟಿಂಕರಿಂಗ್ ಮಾಡಿ ಪೇಂಟ್ ಹೊಡ್ದಿದಾರೆ. ಝೀರೋ ಡೆಪ್ ಇನ್ಶೂರೆನ್ಸ್ (ಹಳೇದಾಯ್ತು ಅಂತ ಸಾಮಾನಿನ ಬೆಲೇಲಿ ಕಟ್ ಮಾಡದೇ ಕೊಡೋದು) ಇದ್ದಿದ್ರಿಂದ ಕೈಯಿಂದ ಹೋಗಿದ್ದು ಕಮ್ಮಿ.

ಗಾಡಿ ಬಂದಾಗ ನೋಡೋಕೆ ಹೊಸದೇ. ಆದ್ರೆ ಮಳೆ ಹಿಡಿದ ಮೇಲೆ ಒಳಗೆ ಒಂಥರಾ ಮುಗ್ಗಲು ವಾಸನೆ, ಬೆಳಿಗ್ಗೆ ಹಿಂದಿನ ಗ್ಲಾಸೆಲ್ಲ ಮಂಜು ಹಿಡಿದಿರುತ್ತೆ. ನಮ್ಮ ಭಾವ ಹೇಳ್ತಾರೆ ಒಂದ್ಸಲ ಏಟು ಬಿದ್ದ ಗಾಡಿ ಮುಗೀತು, ಈಗ್ಲೇ ಮಾರಿಬಿಡು ಅಂತ. ಅಪ್ಪ ಏನೂ ಮಾತಾಡಲ್ಲ, ಗಾಡಿ ಒರೆಸ್ತಾ ಆ ಜಾಗದಲ್ಲಿ ಕೈ ಆಡಿಸ್ತಾ ನಿಂತ್ಕೋತಾರೆ ಅಷ್ಟೆ. ನಿಜ ಹೇಳಿ, ರಿಪೇರಿ ಆದ್ಮೇಲೂ ಭಯ ಪಡೋ ವಿಷ್ಯಾನಾ ಇದು?

ಬಿಎಂ ರೋಡ್ ಹುಡ್ಗ
ಏನೂ ಆಗಲ್ಲ ಗುರೂ, ಆರಾಮಾಗಿ ಓಡ್ಸಿ.

ಶಿರಾಡಿ ಸವಾರ
ನಂದೂ ಅದೇ ಮಾತು. ವಾರಕ್ಕೆರಡು ಸಲ ಹಾಸನ ಮಂಗಳೂರು ಓಡಾಡೋನು ನಾನು, ಒಂಬತ್ತು ವರ್ಷದ ಗಾಡೀಲಿ ಮುಂದಿನ ಬಂಪರ್ ಮೂರು ಸಲ, ಎಡಗಡೆ ಫೆಂಡರ್ ಒಂದ್ಸಲ, ಬಾನೆಟ್ ಒಂದ್ಸಲ ಬದಲಾಯ್ಸಿದೀನಿ, ಇವತ್ತಿಗೂ ಸ್ಟೇರಿಂಗ್ ಬಿಟ್ರೆ ನೇರ ಹೋಗುತ್ತೆ. ಘಾಟಿ ಸೀಮೆಲಿದ್ದು ಗಾಡಿಗೆ ಗೀರೂ ಬೀಳಬಾರದು ಅಂದ್ರೆ ಶೆಡ್ಡಲ್ಲೇ ಇಟ್ಕೋಬೇಕು.

ಆಲೂರ್ ಕಡೆಯವ್ನು
ಶಿರಾಡಿ ಅಣ್ಣಾ, ನೀವು ಹೇಳಿದ ಮೂರೂ ಬೋಲ್ಟ್ ಬಿಚ್ಚಿ ಹಾಕೋ ಸಾಮಾನು. ಅವ್ರದ್ದು ಕ್ವಾರ್ಟರ್ ಪ್ಯಾನಲ್. ಎರಡೂ ಒಂದೇ ತಕ್ಕಡೀಲಿ ಹಾಕಬೇಡಿ.

ಟಿಂಕರಿಂಗ್ ಕೈ, ಹಾಸನ
ನಾನು ಟಿಂಕರಿಂಗ್ ಪೇಂಟಿಂಗ್ ಕೆಲ್ಸದೋನು, 22 ವರ್ಷ ಆಯ್ತು. ಆಲೂರಿನೋರು ಹೇಳಿದ್ದು ಸರಿ ಐತೆ. ಬಂಪರ್, ಬಾನೆಟ್, ಮುಂದಿನ ಫೆಂಡರ್, ನಾಕು ಡೋರು, ಡಿಕ್ಕಿ, ಇವೆಲ್ಲ ಬೋಲ್ಟಲ್ಲಿ ಕೂತಿರೋವು. ಬಿಚ್ಚಿ ಹೊಸದು ಹಾಕುದ್ರೆ ಅಲ್ಲಿಗೆ ಮುಗೀತು, ಗಾಡಿ ಬಲಕ್ಕೆ ಏನೂ ಕಮ್ಮಿ ಆಗಲ್ಲ. ಕ್ವಾರ್ಟರ್ ಪ್ಯಾನಲ್, ಡೋರ್ ಕೆಳಗಿನ ರನ್ನಿಂಗ್ ಬೋರ್ಡ್, ರೂಫ್ ಹೊರೋ ಪಿಲ್ಲರ್, ಬಾನೆಟ್ ಒಳಗಿನ ಏಪ್ರನ್, ರೂಫು, ಇವು ಬಾಡಿ ಜೊತೆಗೇ ಸ್ಪಾಟ್ ವೆಲ್ಡ್ ಆಗಿರ್ತವೆ. ಇಲ್ಲಿ ಕೆಲಸ ಹೆಂಗೆ ಮಾಡವ್ರೆ ಅನ್ನೋದೇ ಮುಖ್ಯ.

ಕಂಪನೀಲಿ ಪೇಂಟ್ ಹೊಡಿಯೋಕೆ ಮುಂಚೆ ಇಡೀ ಬಾಡಿನ ಪ್ರೈಮರ್ ತೊಟ್ಟಿಲಿ ಮುಳುಗ್ಸಿ ಕರೆಂಟ್ ಕೊಟ್ಟು ಕೋಟಿಂಗ್ ಹಿಡಿಸ್ತಾರೆ. ಕೈ ಹೋಗದೆ ಇರೋ ಸಂದಿಗೂ ಅದು ಹೋಗಿರ್ತದೆ. ನಾವು ಡೆಂಟ್ ಎತ್ತೋವಾಗ ತಗಡಿಗೆ ಹೊರಗಿಂದ ವಾಷರ್ ವೆಲ್ಡ್ ಮಾಡಿ ಎಳೀತೀವಿ, ಆಮೇಲೆ ಗ್ರೈಂಡ್ ಮಾಡಿ ಪುಟ್ಟಿ ಹಾಕಿ ಉಜ್ಜಿ ಪೇಂಟ್ ಮಾಡ್ತೀವಿ, ಹೊರಗಡೆ ಕನ್ನಡಿ ಥರ ಆಯ್ತದೆ. ಆದ್ರೆ ಆ ಬಿಸಿಗೆ ಒಳಮೈಲಿ ಕಂಪನಿ ಕೋಟಿಂಗ್ ಸುಟ್ಟೋಗಿರ್ತದೆ. ಅಲ್ಲಿಗೆ ಯಾರೂ ನೋಡಲ್ಲ. ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ ಆ ಜಾಗಕ್ಕೆ ಪ್ರೈಮರ್ ಬಿಟ್ಟು, ಮೇಲೆ ತುಕ್ಕು ತಡಿಯೋ ಕ್ಯಾವಿಟಿ ವ್ಯಾಕ್ಸ್ ಹೊಡುದ್ರೆ ತುಂಬಾ ವರ್ಷ ಏನಾಗಲ್ಲ. ಹೊಡೀಲಿಲ್ಲ ಅಂದ್ರೆ ಒಳಗಿಂದ ತುಕ್ಕು ಶುರು ಆಗಿ ಎರಡು ಮೂರು ಮಳೆಗಾಲ ಕಳುದ್ಮೇಲೆ ಹೊರಗಡೆ ಪೇಂಟ್ ಗುಳ್ಳೆ ಏಳ್ತದೆ. ಅವಾಗ ಎಲ್ರೂ ಪೇಂಟ್ ಸರಿ ಇಲ್ಲ ಅಂತ ಬೈತಾರೆ. ತಪ್ಪು ಪೇಂಟ್‌ದಲ್ಲ.

ಬಿಎಂ ರೋಡ್ ಹುಡ್ಗ
ಹಂಗಾದ್ರೆ ಪುಟ್ಟಿ ಹಾಕಿದ್ದೇ ತಪ್ಪಾ? ಫ್ರೆಂಡ್ ಒಬ್ಬ ಪುಟ್ಟಿ ಇದ್ರೆ ಗಾಡಿ ತಗೋಬೇಡ ಅಂತಾನೆ.

ಟಿಂಕರಿಂಗ್ ಕೈ, ಹಾಸನ
ತಪ್ಪಲ್ಲಪ್ಪ. ತಗಡು ಚೆನ್ನಾಗಿ ಎತ್ತಿ ಎರಡು ಮೂರು ಮಿಲಿಮೀಟರ್ ಒಳಗೆ ಪುಟ್ಟಿ ಹಾಕುದ್ರೆ ಏನೂ ತೊಂದ್ರೆ ಇಲ್ಲ. ತಗಡು ಎತ್ತದೇನೆ ಹಳ್ಳಕ್ಕೆ ಪುಟ್ಟಿ ತುಂಬುದ್ರೆ ಮಾತ್ರ ಅದು ಬಿಸಿಲು ಮಳೆಗೆ ಸೀಳು ಬಿಡ್ತದೆ. ಪುಟ್ಟಿ ನೀರು ಹೀರ್ಕೊಳೋ ವಸ್ತು, ಪುಟ್ಟಿ ಹಾಕಿ ಪ್ರೈಮರ್ ಇಲ್ಲದೆ ಎರಡು ದಿನ ಮಳೇಲಿ ನಿಲ್ಸುದ್ರೆ ಅಲ್ಲೇ ಕೆಟ್ಟಂಗೆ.

ಮೈಕ್ರಾನ್ ಮಾವ
ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ಕೊಡೋದು ನನ್ನ ಕೆಲ್ಸ, ಚನ್ನರಾಯಪಟ್ಟಣ, ಹಾಸನ, ಬೇಲೂರು ಕಡೆ ಓಡಾಡ್ತೀನಿ. ಪೇಂಟ್ ದಪ್ಪ ಅಳೆಯೋ ಗೇಜ್ ಅಂತ ಬರುತ್ತೆ, ತಗಡಿನ ಮೇಲೆ ಇಟ್ರೆ ಮೈಕ್ರಾನ್ ಲೆಕ್ಕ ತೋರಿಸುತ್ತೆ, ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್. ಕಂಪನಿ ಪೇಂಟ್ ಸುಮಾರಾಗಿ 90ರಿಂದ 140 ಮೈಕ್ರಾನ್ ಇರುತ್ತೆ. 200, 300 ಬಂದ್ರೆ ಮೇಲೆ ಇನ್ನೊಂದ್ಸಲ ಪೇಂಟ್ ಆಗಿದೆ ಅಂತ. 500, 800, ಸಾವಿರ ದಾಟಿದ್ರೆ ಕೆಳಗೆ ಪುಟ್ಟಿ ಇದೆ. ಬಂಪರ್ ಮೇಲೆ ಇಟ್ಟು ಏನೂ ತೋರಿಸ್ತಿಲ್ಲ ಅಂತ ಗಾಬರಿ ಆಗ್ಬೇಡಿ, ಅದು ಪ್ಲಾಸ್ಟಿಕ್.

ಕಾಫಿಹೂವು ಅವ್ರೇ, ಮೊದ್ಲು ಎಡಗಡೆ ಕ್ವಾರ್ಟರ್ ಪ್ಯಾನಲ್ ಅಳೆದು ಬರ್ಕೊಳಿ, ಆಮೇಲೆ ಬಲಗಡೆ ಹತ್ತು ಕಡೆ ಇಟ್ಟು ನೋಡಿ. ಪುಟ್ಟಿ ಎಲ್ಲಿಂದ ಎಲ್ಲಿವರ್ಗೂ ಇದೆ ಅಂತ ನಕ್ಷೆ ಥರ ಗೊತ್ತಾಗುತ್ತೆ. ಸಿ ಪಿಲ್ಲರ್ (ಹಿಂದಿನ ಡೋರಿನ ಹಿಂದಿರೋ ಕಂಬ) ಮೇಲಕ್ಕೆ ರೂಫ್ ಹತ್ರವರೆಗೂ ಹೋಗಿದ್ರೆ ಏಟು ಹೇಳಿದ್ದಕ್ಕಿಂತ ದೊಡ್ಡದು. ಚಕ್ರದ ಕಮಾನಿನ ಹತ್ರ ಮಾತ್ರ ಇದ್ರೆ ಯೋಚನೆ ಬೇಡ.

ಅರಸೀಕೆರೆ ತೆಂಗು
ಈಗಿನ ಗಾಡಿಗಳೆಲ್ಲ ತಗಡಿನ ಡಬ್ಬ ಕಣ್ರೀ. ನಮ್ಮ ತಾತನ ಅಂಬಾಸಿಡರ್‌ಗೆ ಎತ್ತಿನಗಾಡಿ ಗುದ್ದಿದ್ರೂ ಏನಾಗ್ತಿರ್ಲಿಲ್ಲ, ಕೆಳಗೆ ಗಟ್ಟಿ ಛಾಸಿ ಇತ್ತು, ಮೇಲೆ ಬಾಡಿ ಕೂರ್ಸಿರ್ತಿದ್ರು, ಬಾಡಿ ಹಾಳಾದ್ರೆ ಬಡಿದು ಸರಿ ಮಾಡಿದ್ರೆ ಆಯ್ತು.

ಆಲೂರ್ ಕಡೆಯವ್ನು
ಅಂಬಾಸಿಡರ್‌ಗೆ ಬೇರೆ ಛಾಸಿ ಇರ್ಲಿಲ್ಲ ಸರ್. ಅದೂ ಈಗಿನ ಕಾರುಗಳ ಥರಾನೇ ಬಾಡಿನೇ ಛಾಸಿ ಆಗಿರೋ ಮೋನೋಕಾಕ್. ತಗಡು ದಪ್ಪ ಇತ್ತು, ಅದು ನಿಜ. ಬೇರೆ ಛಾಸಿ ಇರೋದು ಎಸ್ಟೇಟಲ್ಲಿ ಓಡೋ ಹಳೇ ಜೀಪು, ಬೊಲೆರೊ ಅಂಥವಕ್ಕೆ.

ಅರಸೀಕೆರೆ ತೆಂಗು
ಹೌದಾ? ಇಷ್ಟು ವರ್ಷ ಛಾಸಿ ಅಂತಾನೇ ಅಂದ್ಕೊಂಡಿದ್ದೆ. ಇರ್ಲಿ, ಗಟ್ಟಿ ಅಂತೂ ಇತ್ತಲ್ಲ.

ಪಿಲ್ಲರ್ ಪಂಡಿತ, ಹಾಸನ
ಗಟ್ಟಿ ಅಂದ್ರೆ ಯಾರಿಗೆ ಗಟ್ಟಿ ಅನ್ನೋದು ಮುಖ್ಯ ಸರ್. ಗಾಡಿ ನುಜ್ಜಾಗ್ದೇ ಇದ್ರೆ ಆ ಏಟು ಒಳಗೆ ಕೂತೋರಿಗೆ ಬರುತ್ತೆ. ಈಗಿನ ಗಾಡೀಲಿ ಮುಂದಿನ ಭಾಗ, ಹಿಂದಿನ ಭಾಗ ಬೇಕಂತಾನೇ ನುಜ್ಜಾಗೋ ಥರ ಮಾಡಿರ್ತಾರೆ, ಮಧ್ಯ ಜನ ಕೂರೋ ಜಾಗ ಮಾತ್ರ ಕಲ್ಲಿನ ಥರ ಇರಬೇಕು. ಅದಕ್ಕೇ ಬಿ ಪಿಲ್ಲರ್, ಅಂದ್ರೆ ಮುಂದಿನ ಹಿಂದಿನ ಡೋರ್ ಮಧ್ಯದ ಕಂಬದ ಒಳಗೆ ತುಂಬಾ ಗಟ್ಟಿ ಉಕ್ಕು ಹಾಕಿರ್ತಾರೆ. ಆ ಉಕ್ಕನ್ನ ಗ್ಯಾಸ್ ಬೆಂಕಿ ಕೊಟ್ಟು ಕಾಯಿಸಿ ಬಡಿದು ನೇರ ಮಾಡಿದ್ರೆ ನೋಡೋಕೆ ನೇರ ಆಗುತ್ತೆ, ಬಲ ಹೋಗಿರುತ್ತೆ. ಭಾರತ್ ಎನ್‌ಕ್ಯಾಪ್ ಅನ್ನೋ ಸೇಫ್ಟಿ ಟೆಸ್ಟ್ 2023ರ ಅಕ್ಟೋಬರಿಂದ ಇಲ್ಲೇ ಗಾಡಿ ಗುದ್ಸಿ ಸ್ಟಾರ್ ಕೊಡ್ತಿದೆ, ಮುಂದಿಂದ ಗಂಟೆಗೆ 64 ಕಿಲೋಮೀಟರ್, ಪಕ್ಕದಿಂದ 50. ಆ ಸ್ಟಾರ್ ಸಿಕ್ಕಿರೋದು ಫ್ಯಾಕ್ಟರಿಯಿಂದ ಬಂದ ಬಾಡಿಗೆ, ಬೆಂಕಿಲಿ ಕಾಯಿಸಿದ ಪಿಲ್ಲರ್‌ಗಲ್ಲ.

ಕಾಫಿಹೂವು, ನಿಮ್ಮ ಬಿಲ್ಲಲ್ಲಿ ಬಿ ಪಿಲ್ಲರ್, ಸಿಲ್ (ರನ್ನಿಂಗ್ ಬೋರ್ಡ್), ಸೀಟ್ ಬೆಲ್ಟ್ ಅಂತ ಏನಾದ್ರೂ ಬರ್ದಿದಾರಾ?

ಕಾಫಿಹೂವು 18, ಚಿಕ್ಕಮಗಳೂರು
ಬಿಲ್ ತೆಗ್ದು ನೋಡ್ದೆ. ಡೋರ್ ಅಸೆಂಬ್ಲಿ, ಡೋರ್ ಹಿಂಜ್ 2, ಗ್ಲಾಸ್, ಬೀಡಿಂಗ್, ಕ್ವಾರ್ಟರ್ ಪ್ಯಾನಲ್ ಡೆಂಟಿಂಗ್ ಪೇಂಟಿಂಗ್. ಪಿಲ್ಲರ್ ಅಂತ ಎಲ್ಲೂ ಇಲ್ಲ.

ಪಿಲ್ಲರ್ ಪಂಡಿತ, ಹಾಸನ
ಹಿಂದಿನ ಡೋರಿನ ಹಿಂಜ್ ಕೂರೋದೇ ಬಿ ಪಿಲ್ಲರ್ ಮೇಲೆ. ಹಿಂಜ್ ಬದಲಾಯ್ಸಿದಾರೆ ಅಂದ್ರೆ ಅಲ್ಲಿವರ್ಗೂ ಏಟು ಹೋಗಿತ್ತಾ ಅಂತ ಕೇಳ್ಲೇಬೇಕು. ಮುಂದಿನ ಡೋರ್ ತೆಗ್ದು ಪಿಲ್ಲರ್ ಬುಡದಲ್ಲಿ ಪೇಂಟ್ ಸೀಳು, ಸಂದಿ ಮುಚ್ಚೋ ಸೀಲರ್ ಬಿರುಕು ಏನಾದ್ರೂ ಇದೆಯಾ ನೋಡಿ. ಎರಡೂ ಕಡೆ ಡೋರ್ ಗ್ಯಾಪ್ ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ಡೋರ್ ಹಾಕುವಾಗ ಎರಡೂ ಕಡೆ ಒಂದೇ ಥರ ಸದ್ದು ಬರ್ಬೇಕು, ಒಂದ್ಕಡೆ ಜೋರಾಗಿ ಎಳೆದು ಹಾಕಬೇಕು ಅಂತಿದ್ರೆ ಗಮನ ಕೊಡಿ.

ಶಿರಾಡಿ ಸವಾರ
ಪಾಪ ಅವ್ರು ಆಗ್ಲೇ ಹೆದ್ರಿದಾರೆ, ನೀವು ಇನ್ನೂ ಹೆದರಿಸ್ತೀರಲ್ಲ. ಗಾಡಿ ನೇರ ಓಡ್ತಿದ್ರೆ ಮುಗೀತು.

ಪಿಲ್ಲರ್ ಪಂಡಿತ, ಹಾಸನ
ಹೆದರಿಸ್ತಿಲ್ಲ ಅಣ್ಣ, ಹಿಂದಿನ ಸೀಟಲ್ಲಿ ಅವ್ರ ತಂದೆ ತಾಯಿ ಕೂರೋದು. ನೇರ ಓಡೋದೂ ಪಿಲ್ಲರ್ ಸರಿ ಇರೋದೂ ಎರಡು ಬೇರೆ ಬೇರೆ ವಿಷಯ.

ಕಳಸ ರೋಡ್ ಅಕ್ಕ, ಮೂಡಿಗೆರೆ
ಎಲ್ಲರೂ ಪಿಲ್ಲರ್ ಪುಟ್ಟಿ ಅಂತ ಮಾತಾಡ್ತಿದೀರಿ ಮಾರಾಯ್ರೆ, ಅವ್ರು ಹೇಳಿದ ಮುಗ್ಗಲು ವಾಸನೆ ಯಾರ ಕಣ್ಣಿಗೂ ಬೀಳ್ಲಿಲ್ವಾ! ತಂಗೀ, ನಿನ್ನ ಗಾಡಿ ಒಳಗೆ ನೀರು ಬರ್ತಿದೆ. ನನಗೆ ಇದೇ ಆಗಿತ್ತು, ಅದಕ್ಕೇ ಇಷ್ಟು ಖಾತ್ರಿಯಾಗಿ ಹೇಳ್ತಿರೋದು.

ಡೋರಿನ ಗ್ಲಾಸ್ ಮೇಲೆ ಬಿದ್ದ ಮಳೆನೀರು ಸ್ವಲ್ಪ ಡೋರ್ ಒಳಗೆ ಇಳಿಯೋದು ಸಹಜ, ಎಲ್ಲಾ ಗಾಡೀಲೂ ಇಳಿಯುತ್ತೆ. ಅದು ಡೋರಿನ ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗ್ಬೇಕು. ಒಳಗಿನ ಟ್ರಿಮ್ ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಸುತ್ತಲೂ ಕಪ್ಪು ಅಂಟಲ್ಲಿ ಅಂಟ್ಸಿರ್ತಾರೆ, ನೀರು ಕ್ಯಾಬಿನ್ನಿಗೆ ಬರದ ಹಾಗೆ ತಡೆಯೋದು ಅದೇ. ಡೋರ್ ಕೆಲಸ ಮಾಡುವಾಗ ಆ ಶೀಟ್ ಹರಿದು ಹಾಕ್ತಾರೆ, ವಾಪಸ್ ಅಂಟಿಸೋದು ಮರೀತಾರೆ, ಇಲ್ಲ ಅಂದ್ರೆ ಹಳೇ ಅಂಟಿನ ಮೇಲೇ ಒತ್ತಿ ಬಿಡ್ತಾರೆ. ನಮ್ಮದ್ರಲ್ಲಿ ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಾಣ್ತಿತ್ತು, ಎತ್ತಿ ನೋಡಿದ್ರೆ ಕೆಳಗಿನ ಸ್ಪಂಜ್ ಹಿಂಡಿದ್ರೆ ನೀರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಾಗೇ ಇತ್ತು. ನಮ್ಮ ಮಗುಗೆ ಶೀತ ಯಾಕೆ ಬಿಡ್ತಿಲ್ಲ ಅಂತ ಡಾಕ್ಟರ್ ಹತ್ರ ಓಡಾಡಿದ್ದೇ ಓಡಾಡಿದ್ದು. ಇವತ್ತೇ ಕಾರ್ಪೆಟ್ ಎತ್ತಿ ನೋಡು.

ಟಿಂಕರಿಂಗ್ ಕೈ, ಹಾಸನ
ಅಕ್ಕ ಸರಿಯಾಗಿ ಹಿಡುದ್ರು. ನಾನು ವಾಸನೆ ಮಾತು ಓದಿ ಮುಂದಕ್ಕೋಗ್ಬಿಟ್ಟಿದ್ದೆ. ಟೇಲ್ ಲ್ಯಾಂಪ್ ಹಿಂದಿನ ಗ್ಯಾಸ್ಕೆಟ್ಟೂ ನೋಡಿ, ಕ್ವಾರ್ಟರ್ ಕೆಲಸಕ್ಕೆ ಲ್ಯಾಂಪ್ ಬಿಚ್ಚಿರ್ತಾರೆ, ಅದು ಸರಿ ಕೂರದಿದ್ರೆ ನೀರು ಡಿಕ್ಕಿಲಿ ಸ್ಟೆಪ್ನಿ ಗುಂಡಿಗೆ ಬಂದು ನಿಲ್ತದೆ. ಒಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಕೂತ್ಕೊಳಿ, ಇನ್ನೊಬ್ರು ಹೊರಗಿಂದ ಪೈಪಲ್ಲಿ ಸಣ್ಣಗೆ ನೀರು ಬುಡ್ಲಿ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೇ ಸಲ ಮೇಲಿಂದ ಬುಟ್ರೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ.

ಕಡೂರು ಬಯಲು
ಇಷ್ಟೆಲ್ಲ ತಲೆನೋವು ಯಾಕೆ, ಭಾವ ಹೇಳಿದ್ದು ಸರಿ, ಮಾರಿ ಬೇರೆ ತಗೊಳಿ.

ಮೈಕ್ರಾನ್ ಮಾವ
ಒಂದೂವರೆ ವರ್ಷ ತುಂಬದ ಗಾಡಿ ಮಾರಿದ್ರೆ ಮೊದಲ ಓನರ್ ಕೈಗೆ ಬರೋ ನಷ್ಟ ದೊಡ್ಡದು, ಡೆಂಟ್ ಇರ್ಲಿ ಇಲ್ದಿರ್ಲಿ. ಅದ್ರ ಮೇಲೆ ಈಗ ನೀರು ಬರ್ತಿರೋ ಸ್ಥಿತೀಲಿ ಮಾರೋದು ಅಂದ್ರೆ ಆ ತಲೆನೋವನ್ನ ಇನ್ನೊಬ್ರ ಮನೆಗೆ ಕಳ್ಸಿದ ಹಾಗೆ. ಅದು ನ್ಯಾಯ ಅಲ್ಲ.

ಕಡೂರು ಬಯಲು
ಎಲ್ರೂ ಹಂಗೇ ಮಾಡೋದು. ಯಾರು ಹೇಳಿ ಮಾರ್ತಾರೆ?

ಕಳಸ ರೋಡ್ ಅಕ್ಕ, ಮೂಡಿಗೆರೆ
ನಾವು ಹೇಳಿಯೇ ಮಾರಿದ್ದು. ರಿಪೇರಿ ಮೊದಲಿನ ಫೋಟೋ, ಬಿಲ್ಲು ಎಲ್ಲಾ ಒಂದು ಕವರಲ್ಲಿ ಹಾಕಿ ಕೊಟ್ವಿ. ಅವ್ರು ಸ್ವಲ್ಪ ಕಮ್ಮಿ ಕೇಳಿದ್ರು, ಒಪ್ಕೊಂಡ್ವಿ. ಕೊಪ್ಪದ ಕಡೆಯ ಮೇಷ್ಟ್ರು, ಈಗಲೂ ಸಿಕ್ಕಿದ್ರೆ ಕರೆದು ಕಾಫಿ ಕೊಡಿಸ್ತಾರೆ.

ಪ್ರೀಮಿಯಂ ಲೆಕ್ಕ
ಇನ್ಶೂರೆನ್ಸ್ ಕೆಲಸದೋನಾಗಿ ಒಂದೆರಡು ಮಾತು. ಝೀರೋ ಡೆಪ್ ಇದ್ದಿದ್ದು ಒಳ್ಳೇದಾಯ್ತು. ಇಲ್ಲದೇ ಇದ್ರೆ ಪ್ಲಾಸ್ಟಿಕ್ಕು ರಬ್ಬರ್‌ಗೆ 50 ಪರ್ಸೆಂಟ್, ಒಂದರಿಂದ ಎರಡು ವರ್ಷದ ಗಾಡಿಯ ತಗಡಿಗೆ 10 ಪರ್ಸೆಂಟ್ ಕಟ್ ಆಗ್ತಿತ್ತು. ಗಾಜಿಗೆ ಕಟ್ ಇಲ್ಲ.

ಇನ್ನೊಂದು, ಸಣ್ಣ ಪುಟ್ಟ ಗೀರಿಗೆಲ್ಲ ಕ್ಲೇಮ್ ಹಾಕಬೇಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ (ನಮ್ಮ ಗಾಡಿ ಹಾನಿಗೆ ಕಟ್ಟೋ) ಪ್ರೀಮಿಯಂ ಮೇಲೆ 20 ಪರ್ಸೆಂಟ್ ಬೋನಸ್ ಅಂತ ರಿಯಾಯ್ತಿ, ಆಮೇಲೆ 25, 35, 45, ಕೊನೆಗೆ 50. ಸಾಮಾನ್ಯವಾಗಿ ಒಂದು ಕ್ಲೇಮ್ ಆದ್ರೆ ಮತ್ತೆ ಸೊನ್ನೆಯಿಂದ. ಎರಡು ಸಾವಿರದ ಬಂಪರ್ ಟಚಪ್‌ಗೆ 50 ಪರ್ಸೆಂಟ್ ಬೋನಸ್ ಕಳ್ಕೊಂಡೋರನ್ನ ನೋಡಿದೀನಿ, ಬೇಜಾರಾಗುತ್ತೆ.

ಶಿರಾಡಿ ಸವಾರ
ಇದು ನಿಜ. ಅದಕ್ಕೇ ನನ್ನ ಮೂರು ಬಂಪರಲ್ಲಿ ಎರಡು ಕೈಯಿಂದ್ಲೇ.

ಸಕಲೇಶಪುರ 46
ಬೋನಸ್ ಎಲ್ಲಾ ಸರಿ, ಆನೆಗೆ ಏನ್ಮಾಡೋದು? ಹೋದ ವರ್ಷ ತೋಟದ ರಸ್ತೇಲಿ ರಾತ್ರಿ ಎದುರಿಗೆ ಬಂತು, ರಿವರ್ಸ್ ತಗೊಳೋ ಗಡಿಬಿಡೀಲಿ ಸಿಲ್ವರ್ ಓಕ್ ಮರಕ್ಕೆ ಗುದ್ದಿ ಡಿಕ್ಕಿ ಹೋಯ್ತು. ಜೀವ ಉಳೀತಲ್ಲ ಅಂತ ಅವತ್ತು ಡಿಕ್ಕಿ ಕಡೆ ನೋಡ್ಲೂ ಇಲ್ಲ.

ಪ್ರೀಮಿಯಂ ಲೆಕ್ಕ
ಕಾಂಪ್ರಹೆನ್ಸಿವ್ ಇದ್ರೆ ಅದಕ್ಕೂ ಕ್ಲೇಮ್ ಆಗುತ್ತೆ ಸರ್. ಥರ್ಡ್ ಪಾರ್ಟಿ ಮಾತ್ರ ಇದ್ರೆ ನಿಮ್ಮ ಗಾಡಿಗೆ ಏನೂ ಸಿಗಲ್ಲ.

ಬಿಎಂ ರೋಡ್ ಹುಡ್ಗ
2024ರ ಜುಲೈಲಿ ಶಿರಾಡಿ ಘಾಟಿ ರಸ್ತೆಯ ದೊಡ್ಡತಪ್ಲು ಹತ್ರ ಗುಡ್ಡ ಕುಸಿದಾಗ ನಮ್ಮ ಮಾವನ ಗಾಡಿ ಆ ಜಾಮಲ್ಲೇ ಸಿಕ್ಕಿತ್ತು, ಆಮೇಲೆ ಎರಡು ದಿನ ಅದೇ ಮಾತು ಮನೇಲಿ.

ಆಲೂರ್ ಕಡೆಯವ್ನು
ಗುಡ್ಡ ಆನೆ ಎಲ್ಲಾ ಆಮೇಲೆ. ಕಾರ್ಪೆಟ್ ಏನಾಯ್ತು ಅಂತ ಅವ್ರು ಹೇಳ್ಲಿ.

ಕಾಫಿಹೂವು 18, ಚಿಕ್ಕಮಗಳೂರು
ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು, ಅಪ್ಪ ನಾನು ಇಬ್ರೂ ಸೇರಿ ನೋಡಿದ್ವಿ. ಅಕ್ಕಾ, ನೀವು ಹೇಳಿದ್ದು ಅಕ್ಷರಶಃ ನಿಜ. ಮೇಲೆ ಕೈ ಇಟ್ರೆ ಒಣಗಿದೆ, ಹಿಂದಿನ ಬಲಗಡೆ ಕಾರ್ಪೆಟ್ ಎತ್ತಿದ್ರೆ ಸ್ಪಂಜು ಪೂರ್ತಿ ನೆಂದಿದೆ. ಒಂದು ಬಟ್ಟೆ ಇಟ್ಟು ಒತ್ತಿ ಅರ್ಧ ಬಕೆಟ್ ತೆಗೆದ್ವಿ. ಪೈಪ್ ಬಿಟ್ಟು ನೋಡಿದ್ವಿ, ಡಿಕ್ಕಿ ಒಣಗೇ ಇತ್ತು, ಟೇಲ್ ಲ್ಯಾಂಪ್ ಸರಿ ಇದೆ. ಡೋರ್ ಗ್ಲಾಸ್ ಮೇಲೆ ಬಿಟ್ಟ ತಕ್ಷಣ ಟ್ರಿಮ್ ಕೆಳಗಿಂದ ದಾರದ ಥರ ನೀರು ಇಳೀತು. ಅಪ್ಪ ಟಾರ್ಚ್ ಹಿಡಿದು ಒಳಗೆ ಕೂತಿದ್ರು, ಬಂತು ಬಂತು ಅಂತ ಕೂಗಿದ್ರು. ಆಕ್ಸಿಡೆಂಟ್ ಆದ್ಮೇಲೆ ಅವ್ರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಸೋಮವಾರ ಅದೇ ವರ್ಕ್‌ಶಾಪಿಗೆ ಹೋಗಿ ನನ್ನ ಎದುರಿಗೇ ಟ್ರಿಮ್ ಬಿಚ್ಚಿಸಿದೆ. ಶೀಟ್ ಇತ್ತು, ಕೆಳಗಡೆ ಅಂಟೇ ಇಲ್ಲ, ಜೋತಾಡ್ತಿತ್ತು. ಮೊದ್ಲು ಮಳೆಗಾಲದಲ್ಲಿ ಹಂಗೇ ಮೇಡಂ ಅಂದ್ರು. ನಾನು ಪೈಪಿನ ವಿಡಿಯೋ ತೋರಿಸಿದ ಮೇಲೆ ಸುಮ್ಮನಾಗಿ ಹೊಸ ಶೀಟು ಹೊಸ ಅಂಟು ಹಾಕಿ ಕೊಟ್ರು, ದುಡ್ಡು ತಗೊಳ್ಲಿಲ್ಲ. ಸೀಟ್ ಬಿಚ್ಚಿ ಕಾರ್ಪೆಟ್ ಒಣಗ್ಸೋಕೆ ಎರಡು ದಿನ ಬೇಕಂದ್ರು, ಗಾಡಿ ಅಲ್ಲೇ ಇದೆ.

ಪಿಲ್ಲರ್ ಬುಡ ಟಾರ್ಚ್ ಹಾಕಿ ನೋಡಿದ್ವಿ, ಸೀಲರ್ ಎರಡೂ ಕಡೆ ಒಂದೇ ಥರ ಇದೆ, ಬಿರುಕಿಲ್ಲ, ಗ್ಯಾಪ್ ಸಮ ಇದೆ. ವೀಲ್ ಅಲೈನ್‌ಮೆಂಟ್ ಮಾಡ್ಸಿದ ರಿಪೋರ್ಟಲ್ಲೂ ಹಿಂದಿನ ಎರಡೂ ಚಕ್ರ ಹಸಿರು ಬಂತು, ಅಂದ್ರೆ ಅಳತೆ ಸರಿ ಇದೆ.

ಪಿಲ್ಲರ್ ಪಂಡಿತ, ಹಾಸನ
ಬಹಳ ಸಮಾಧಾನ ಆಯ್ತು. ಬಗ್ಗಿದ ಹಿಂಜ್ ಬದಲಾಯ್ಸಿದಾರೆ, ಏಟು ಅಲ್ಲಿಗೇ ನಿಂತಿದೆ ಅನ್ಸುತ್ತೆ. ಆ ಅಲೈನ್‌ಮೆಂಟ್ ಹಾಳೆ ಎತ್ತಿಡಿ, ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡ್ಸಿ ಹೋಲಿಸಿ. ಹಿಂದಿನ ಟೈರ್ ಒಂದೇ ಅಂಚಲ್ಲಿ ಸವೀತಿದೆಯಾ ಅಂತ ಕಣ್ಣಿಟ್ಟಿರಿ.

ಮೈಕ್ರಾನ್ ಮಾವ
ಗೇಜ್ ಸಿಕ್ತಾ?

ಕಾಫಿಹೂವು 18, ಚಿಕ್ಕಮಗಳೂರು
ಸಿಕ್ತು ಸರ್, ಐಜಿ ರೋಡಲ್ಲಿ ಪರಿಚಯದವರ ಹತ್ರ ಇತ್ತು. ಎಡಗಡೆ 115, 120. ಬಲಗಡೆ ಚಕ್ರದ ಕಮಾನಿನ ಮೇಲೆ 700ರಿಂದ 900, ಒಂದು ಅಂಗೈ ಅಗಲ. ಅದು ಬಿಟ್ರೆ ಸುತ್ತಲೂ 240, ಸಿ ಪಿಲ್ಲರ್ ಮೇಲೆ ಹೋದ್ರೆ 120.

ಮೈಕ್ರಾನ್ ಮಾವ
ಒಂದು ಮಿಲಿಮೀಟರ್ ಒಳಗೇ ಇದೆ, ತಗಡು ಚೆನ್ನಾಗಿ ಎತ್ತಿದಾರೆ. ನಾನು ಖರೀದಿಗೆ ಬಂದಿದ್ರೆ ಈ ಗಾಡಿ ಬಿಡ್ತಿರ್ಲಿಲ್ಲ.

ಟಿಂಕರಿಂಗ್ ಕೈ, ಹಾಸನ
ಒಳ್ಳೆ ಕೆಲಸಗಾರನೇ ಮಾಡವ್ನೆ ಬುಡಿ. ಆದ್ರೆ ಒಳಮೈ ವ್ಯಾಕ್ಸ್ ಕೇಳಿದ್ರಾ? ಈಗ ಹೊಡೀಬೇಡಿ, ಒಳಗೆ ತೇವ ಇರೋವಾಗ ಹೊಡುದ್ರೆ ನೀರನ್ನ ಒಳಗೇ ಮುಚ್ಚಿದಂಗಾಯ್ತದೆ. ದೀಪಾವಳಿ ಕಳೀಲಿ, ಬಿಸಿಲು ಬಿದ್ದು ಗಾಡಿ ಒಣಗುದ್ಮೇಲೆ ಹಿಂದಿನ ಸೈಡ್ ಟ್ರಿಮ್ ಬಿಚ್ಚಿಸಿ, ಸುಟ್ಟಿರೋ ಜಾಗಕ್ಕೆ ಪ್ರೈಮರ್, ಮಾರನೇ ದಿನ ವ್ಯಾಕ್ಸ್. ಹೊರಗಡೆ ಪಾಲಿಶು ಕೋಟಿಂಗು ಅಂತ ಹೊಸ ಪೇಂಟ್ ಮೇಲೆ ಒಂದು ತಿಂಗಳು ಏನೂ ಹಾಕಿಸ್ಬೇಡಿ, ಪೇಂಟ್ ಪೂರ್ತಿ ಗಟ್ಟಿ ಆಗ್ಬೇಕು.

ಕಾಫಿಹೂವು 18, ಚಿಕ್ಕಮಗಳೂರು
ಖಂಡಿತ ಅಣ್ಣ, ನವೆಂಬರ್‌ಗೆ ಬರ್ದಿಟ್ಕೊಂಡೆ. ಭಾವಂಗೂ ಹೇಳ್ದೆ, ಮಾರಲ್ಲ ಅಂತ. ಮುಂದೆ ಯಾವತ್ತಾದ್ರೂ ಮಾರಿದ್ರೂ ಮೂಡಿಗೆರೆ ಅಕ್ಕ ಮಾಡಿದ ಹಾಗೆ ಫೋಟೋ ಬಿಲ್ಲು ಕೊಟ್ಟೇ ಮಾರೋದು.

ಅರಸೀಕೆರೆ ತೆಂಗು
ಆ ಡೋರ್ ಕೆಳಗಿನ ತೂತು ಅಂದ್ರಲ್ಲ, ಅದು ಎಲ್ಲಿರುತ್ತೆ? ನನ್ನ ಗಾಡಿ ಡೋರ್ ತೆಗೆದ್ರೆ ಒಳಗೆ ಗಳಗಳ ಅಂತ ನೀರಿನ ಸದ್ದು ಬರ್ತಿದೆ, ಇದನ್ನ ಓದಿದ ಮೇಲೆ ಈಗ ಗಮನಕ್ಕೆ ಬಂತು.

ಕಳಸ ರೋಡ್ ಅಕ್ಕ, ಮೂಡಿಗೆರೆ
ಡೋರ್ ಪೂರ್ತಿ ತೆಗ್ದು ಕೆಳಗಿನ ಅಂಚಿಗೆ ಬೆರಳಾಡಿಸಿ, ಉದ್ದಕ್ಕೆ ಎರಡು ಮೂರು ಸೀಳು ಸಿಗುತ್ತೆ. ಮಣ್ಣು, ಎಲೆ ಕಟ್ಕೊಂಡಿರುತ್ತೆ, ಪೇಂಟ್ ಆದ ಡೋರಾದ್ರೆ ಪೇಂಟೇ ಮುಚ್ಚಿರುತ್ತೆ. ಕಬ್ಬಿಣದ ತಂತಿ ಹಾಕ್ಬೇಡಿ, ಕೋಟಿಂಗ್ ಕೆರೆದು ಹೋಗುತ್ತೆ. ನಿಮ್ಮೂರಲ್ಲಿ ತೆಂಗಿನ ಗರಿಗೆ ಬರ ಇಲ್ವಲ್ಲ, ಪೊರಕೆ ಕಡ್ಡಿ ಸಾಕು.

ಅರಸೀಕೆರೆ ತೆಂಗು
ಹಾಕ್ದೆ ಅಕ್ಕಾ. ಒಂದು ಚೊಂಬು ನೀರು ಬಂತು, ಎಡಗಡೆದು ಇನ್ನೂ ಸುರೀತಾ ಇದೆ.